ಆಶಾ ಫಾರ್ವರ್ಡ್ ಮೇಲೆ ನಮ್ಮ ಬಳಗದ ಜಗಳ

ದೊಡ್ಡಪ್ಪ: (ಫಾರ್ವರ್ಡ್) ಜಗತ್ತಿನ ಪ್ರಭಾವಿ ಮಹಿಳೆಯರ ಪಟ್ಟಿಯಲ್ಲಿ ಭಾರತದ ಆದಿವಾಸಿ ಆಶಾ ಕಾರ್ಯಕರ್ತೆ (ಹಳ್ಳಿಯ ಆರೋಗ್ಯ ಕಾರ್ಯಕರ್ತೆ) ಮಟಿಲ್ಡಾ ಕುಲ್ಲು! ತಿಂಗಳಿಗೆ ಬರೀ 4,500 ರೂಪಾಯಿ. ಸಂಬಳಕ್ಕಿಂತ ಸೇವೆ ದೊಡ್ಡದು ಎಂದು ತೋರಿಸಿಕೊಟ್ಟ ತಾಯಿ. ಹತ್ತು ಜನಕ್ಕೆ ಕಳಿಸಿ 🙏

ಚಿಕ್ಕಪ್ಪ: 🙏🙏 ಸಂಬಳ ಜಾಸ್ತಿ ಮಾಡಿ ಅಂತ ಬೆಂಗಳೂರಲ್ಲಿ ಬಂದು ಕೂರುವವರು ಇದನ್ನು ಓದಬೇಕು.

ಮೇಘಾ: ಮೊದಲು ಸುದ್ದಿ ಸರಿಮಾಡೋಣ ಚಿಕ್ಕಪ್ಪ. ಅದು ಜಗತ್ತಿನ ಪಟ್ಟಿ ಅಲ್ಲ, ಫೋರ್ಬ್ಸ್ ಇಂಡಿಯಾ ಪತ್ರಿಕೆ 2021ರಲ್ಲಿ ಮಾಡಿದ್ದು. ಸ್ಟೇಟ್ ಬ್ಯಾಂಕಿನ ಅಧ್ಯಕ್ಷೆಯಾಗಿದ್ದ ಅರುಂಧತಿ ಭಟ್ಟಾಚಾರ್ಯ ಅವರಂಥವರ ಜೊತೆ ಇವರ ಹೆಸರೂ ಇತ್ತು. ಊರು ಒಡಿಶಾದ ಸುಂದರ್‌ಗಢ ಜಿಲ್ಲೆಯ ಒಂದು ಸಣ್ಣ ಹಳ್ಳಿ, ಸಾವಿರದ ಹತ್ತಿರ ಜನ. ಇನ್ನು ‘ಸಂಬಳಕ್ಕಿಂತ ಸೇವೆ ದೊಡ್ಡದು’ ಅನ್ನೋದು ಫಾರ್ವರ್ಡ್ ಬರೆದವರ ಮಾತು.

ದೊಡ್ಡಪ್ಪ: ಪಟ್ಟಿ ಯಾವುದಾದರೇನಮ್ಮ, ಒಳ್ಳೆ ವಿಷಯ ಅಲ್ವಾ.

ಚಿಕ್ಕಪ್ಪ: ಆಶಾದವರಿಗೆ ಮಾಡಿದ ಕೆಲಸಕ್ಕೆ ಪ್ರೋತ್ಸಾಹಧನ ಇದೆ. ಹೆರಿಗೆಗೆ ಕರೆದುಕೊಂಡು ಹೋದರೆ ಇಷ್ಟು, ಲಸಿಕೆ ಹಾಕಿಸಿದರೆ ಇಷ್ಟು. ನನಗೆ ಅದೇ ಸರಿ ಅನಿಸುತ್ತದೆ. ತಿಂಗಳ ಸಂಬಳ ಗಟ್ಟಿಯಾದ ಮೇಲೆ ಬಿಸಿಲಲ್ಲಿ ಮನೆ ಮನೆ ಯಾರು ಸುತ್ತುತ್ತಾರೆ?

ಸುಮಿತ್ರಾ ಅತ್ತೆ: ರಮೇಶ, ನಾನು ಸರ್ಕಾರಿ ಆರೋಗ್ಯ ಕೆಲಸದಲ್ಲಿ ತಿಂಗಳ ಸಂಬಳ ತೆಗೆದುಕೊಂಡೇ ಎಚ್.ಡಿ. ಕೋಟೆಯ ಹಾಡಿಗಳನ್ನು, ಆ ಆದಿವಾಸಿ ಕೇರಿಗಳನ್ನು ಸುತ್ತಿದ್ದು ಕಣೋ.

ಚಿಕ್ಕಪ್ಪ: ನಿನಗೆ ಹೇಳಿದ್ದಲ್ಲ ಅಕ್ಕ 😄

ಸುಮಿತ್ರಾ ಅತ್ತೆ: ಇರು, ಉದ್ದ ಬರೆಯುತ್ತೇನೆ. ಮಗು ಆಸ್ಪತ್ರೆಯಲ್ಲಿ ಹುಟ್ಟಿದರೆ 3, 7, 14, 21, 28, 42ನೇ ದಿನ ಆಶಾ ಆ ಮನೆಗೆ ಹೋಗಬೇಕು. ತೂಕ ನೋಡಬೇಕು. ಮೈ ಬಿಸಿ ಇದೆಯಾ, ತಣ್ಣಗಾಗಿದೆಯಾ ನೋಡಬೇಕು. ಹಾಲು ಸರಿಯಾಗಿ ಕುಡಿಯುತ್ತಿದೆಯಾ ಕೇಳಬೇಕು. ಆರೂ ಭೇಟಿ ಸೇರಿ 250 ರೂಪಾಯಿ. ಕಡಿಮೆಯೋ ಜಾಸ್ತಿಯೋ, ಇದನ್ನಾದರೂ ಎಣಿಸಬಹುದು. ಮಟಿಲ್ಡಾ ಮಾಡಿದ್ದನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತೀಯ? ಆಕೆ ಕೆಲಸಕ್ಕೆ ಸೇರಿದ ಕಾಲಕ್ಕೆ ಊರಿನವರು ಕಾಯಿಲೆ ಬಂದರೆ ಮಂತ್ರವಾದಿ ಹತ್ತಿರ ಹೋಗುತ್ತಿದ್ದರು. ಆಸ್ಪತ್ರೆಗೆ ಬನ್ನಿ ಅಂದರೆ ನಗುತ್ತಿದ್ದರು. ಆ ನಗು ನಿಲ್ಲಲು ವರ್ಷಗಳೇ ಹಿಡಿದವು. ಒಂದು ದಿನ ಹೋಗಿ ಬೈಸಿಕೊಂಡು ಬಂದರೆ ಪ್ರೋತ್ಸಾಹಧನ ಇಲ್ಲ. ನೀನು ಕೈಮುಗಿದದ್ದು ಪ್ರೋತ್ಸಾಹಧನದ ಪಟ್ಟಿಯಲ್ಲೇ ಇಲ್ಲದ ಕೆಲಸಕ್ಕೆ.

ಸುಮಿತ್ರಾ ಅತ್ತೆ: ಜೇನುಕುರುಬರ ಹಾಡಿಯಲ್ಲಿ ನನ್ನ ಯೂನಿಫಾರ್ಮ್ ಸೀರೆ ಕಂಡರೆ ಬಸುರಿ ಹೆಂಗಸರು ಒಳಗೆ ಹೋಗಿಬಿಡುತ್ತಿದ್ದರು. ಅವರದೇ ಹಾಡಿಯ ಹುಡುಗಿ ಆಶಾ ಆದ ಮೇಲೆ ತಾಯಿ ಕಾರ್ಡ್ (ಬಸುರಿಯರ ಆರೋಗ್ಯ ದಾಖಲೆ) ಮಾಡಿಸಲು ಹೊರಗೆ ಬಂದರು. ಯಾವ ಮನೆಯಲ್ಲಿ ಅಜ್ಜಿ ಒಪ್ಪಿದರೆ ಮಾತ್ರ ಸೊಸೆ ಆಂಬುಲೆನ್ಸ್ ಹತ್ತುತ್ತಾಳೆ ಅಂತ ಅವಳಿಗೆ ಗೊತ್ತಿತ್ತು. ನನಗೆ ಟ್ರೇನಿಂಗ್ ಇತ್ತು, ಅದು ಗೊತ್ತಿರಲಿಲ್ಲ.

ಚಿಕ್ಕಪ್ಪ: ಹಾಗಾದರೆ ಎಲ್ಲರನ್ನೂ ಕಾಯಂ ಮಾಡಿ ಅಂತೀಯಾ?

ಸುಮಿತ್ರಾ ಅತ್ತೆ: ಅಲ್ಲಿ ನನಗೂ ಅನುಮಾನವೇ. ಆಶಾ ಆ ಊರಿನವಳೇ ಆಗಿರಬೇಕು ಅನ್ನೋದು ಈ ಯೋಜನೆಯ ಜೀವ. ಕಾಯಂ ಆದರೆ ವರ್ಗಾವಣೆ ಬರುತ್ತದೆ. ಹಾಡಿಯವಳನ್ನು ಎತ್ತಿ ತಾಲ್ಲೂಕು ಕೇಂದ್ರದಲ್ಲಿ ಕೂರಿಸಿದರೆ ಹಾಡಿಗೆ ಏನು ಬಂತು?

ಮೇಘಾ: ವರ್ಗಾವಣೆ ಇಲ್ಲದ ಹುದ್ದೆ ಅಂತಲೇ ನಿಯಮ ಬರೆಯಬಹುದಲ್ಲ ಅತ್ತೆ.

ದೊಡ್ಡಮ್ಮ: ಭಾನುವಾರ ನಾಮಕರಣಕ್ಕೆ ಯಾರ್ಯಾರು ಬರುತ್ತೀರಿ ಹೇಳಿ. ಅಡುಗೆಯವರು ಲೆಕ್ಕ ಕೇಳುತ್ತಿದ್ದಾರೆ.

ಮೇಘಾ: ನಾವು ಮೂರು ಜನ ದೊಡ್ಡಮ್ಮ. ಚಿಕ್ಕಪ್ಪ, ಬಂದು ಕೂರುವವರು ಅಂದಿರಲ್ಲ. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಆ ಚಳಿಯಲ್ಲಿ ಅವರು ಕೂತದ್ದು ತಿಂಗಳಿಗೆ 15,000 ಕೇಳಲು. ಕೊನೆಗೆ ಕನಿಷ್ಠ 10,000 ಕೊಡುತ್ತೇವೆ ಅಂತ ಭರವಸೆ ಸಿಕ್ಕಿತು. ಮಟಿಲ್ಡಾ ಹಳ್ಳಿಯವರ ಎದುರು ನಿಂತರೆ ಧೈರ್ಯ, ನಮ್ಮವರು ಸರ್ಕಾರದ ಎದುರು ಕೂತರೆ ಹಟವಾ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ 10 ಲಕ್ಷಕ್ಕೂ ಹೆಚ್ಚು ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. ಪ್ರಶಸ್ತಿ ತೋರಿಸಿದರೆ ಅಂಗಡಿಯವರು ಅಕ್ಕಿ ಕೊಡಲ್ಲ.

ದೊಡ್ಡಪ್ಪ: ಅದು ನಿಜ.

ಚಿಕ್ಕಪ್ಪ: ದುಡ್ಡು ಎಲ್ಲಿಂದ ಬರಬೇಕು? ನಮ್ಮ ತೆರಿಗೆಯಿಂದ ತಾನೇ.

ಸುಮಿತ್ರಾ ಅತ್ತೆ: ನನ್ನ ಪಿಂಚಣಿಯೂ ಅದರಿಂದಲೇ ಬರುತ್ತಿದೆ. ನಿನ್ನದೂ ಬರುತ್ತದೆ. ಕೋವಿಡ್‌ನಲ್ಲಿ ಮಟಿಲ್ಡಾ ಮನೆ ಮನೆಗೆ ಹೋಗಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಅಂತ ವಿಚಾರಿಸಿದಳು. ನಿಮ್ಮ ಬೀದಿಗೂ ಒಬ್ಬಳು ಬಂದಿದ್ದಳಂತೆ. ನೀನು ಗೇಟ್ ತೆಗೆಯಲಿಲ್ಲ ಅಂತ ನಿನ್ನ ಹೆಂಡತಿಯೇ ಹೇಳಿದಳು.

ಚಿಕ್ಕಪ್ಪ: ಇವಳಿಗೆ ಎಲ್ಲಾ ನಿನ್ನ ಹತ್ತಿರ ಹೇಳಲೇಬೇಕು 😑 ಅತ್ತಿಗೆ, ನಮ್ಮ ಮನೆಯಿಂದ ನಾಲ್ಕು ಜನ. ಅಕ್ಕ, 10,000ಕ್ಕೆ ನನ್ನ ತಕರಾರಿಲ್ಲ. ಕಾಯಂ ವಿಷಯ ಮಾತ್ರ ನಾನು ಒಪ್ಪಲ್ಲ, ಭಾನುವಾರ ಮಾತಾಡೋಣ.