ಸಹಾಯ ಬೇಕು: ಸೊನ್ನೆಯಿಂದ ಭಾಗಿಸುವ ಲೆಕ್ಕ (ಉಡುಪಿ)

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಟೀಚರ್. ಮೊನ್ನೆ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ರಫ್ ಪುಸ್ತಕ ಹಿಡಿದುಕೊಂಡು ಬಂದಳು. 5ನ್ನು 1ರಿಂದ, 0.1ರಿಂದ, 0.01ರಿಂದ ಭಾಗಿಸಿ 5, 50, 500 ಅಂತ ಒಂದರ ಕೆಳಗೊಂದು ಬರೆದಿದ್ದಳು. ಕೊನೆಯ ಸಾಲು 5÷0. ಅದರ ಮುಂದೆ ಖಾಲಿ. "ಇಲ್ಲಿ ಎಂತ ಬರೆಯುವುದು ಟೀಚರ್?"

ಉತ್ತರ ಇಲ್ಲ ಅಂತ ಹೇಳಿ ಕಳಿಸಲು ಮನಸ್ಸು ಬರಲಿಲ್ಲ. ಎಂತೆಂಥವರು ಆ ಖಾಲಿ ಜಾಗದ ಮುಂದೆ ನಿಂತವರು! ರಾಷ್ಟ್ರಕೂಟ ಅಮೋಘವರ್ಷನ ಕಾಲದ ನಮ್ಮ ಮಹಾವೀರಾಚಾರ್ಯ, ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೆಯೇ ಉಳಿಯುತ್ತದೆ ಎಂದ. ಅದು ತಪ್ಪು. 12ನೇ ಶತಮಾನದ ಭಾಸ್ಕರಾಚಾರ್ಯ, ಸೊನ್ನೆಯಿಂದ ಭಾಗಿಸಿದಾಗ ಸಿಗುವುದನ್ನು 'ಖಹರ' (ಛೇದದಲ್ಲಿ ಸೊನ್ನೆ ಇರುವ ರಾಶಿ) ಎಂದು ಕರೆದ. ಏನು ಕೂಡಿಸಿದರೂ ಕಳೆದರೂ ಬದಲಾಗದ ರಾಶಿ, ಸೃಷ್ಟಿ ಪ್ರಳಯಗಳಲ್ಲೂ ವಿಕಾರವಿಲ್ಲದ ಅನಂತ ಅಚ್ಯುತನ ಹಾಗೆ ಅಂದ. ಲೆಕ್ಕ ಮತ್ತು ತತ್ತ್ವ ಒಂದೇ ಶ್ಲೋಕದಲ್ಲಿ. ಇದನ್ನು ಮಕ್ಕಳಿಗೆ ಸರಿಯಾಗಿ ತಿಳಿಸಬೇಕು ಅಂತ ಆಸೆ.

ಮಹಾವೀರಾಚಾರ್ಯನ ಗಣಿತಸಾರಸಂಗ್ರಹದ ಕನ್ನಡ ಅನುವಾದ ಯಾರ ಹತ್ತಿರವಾದರೂ ಇದ್ದರೆ ಒಂದು ವಾರಕ್ಕೆ ಕೊಡಬಹುದಾ? ಮಂಗಳೂರಾದರೂ ಸರಿ, ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಸಂಸ್ಕೃತ ಬಲ್ಲವರು ಯಾರಾದರೂ ಒಂದು ಶನಿವಾರ ಬೆಳಿಗ್ಗೆ ಶಾಲೆಗೆ ಬಂದು ಭಾಸ್ಕರಾಚಾರ್ಯನ ಆ ಶ್ಲೋಕವನ್ನು ಪದ ಬಿಡಿಸಿ ಹೇಳಿಕೊಟ್ಟರೆ ದೊಡ್ಡ ಉಪಕಾರ. ಅರ್ಧ ಗಂಟೆ ಸಾಕು.