ಸಹಾಯ ಬೇಕು: ಬಹುರಾಷ್ಟ್ರೀಯ ಕಂಪನಿಗಳ ಪರಿಸರ ನೀತಿ ಮತ್ತು ಜನರ ಒಪ್ಪಿಗೆ

ಎಲ್ಲರಿಗೂ ನಮಸ್ಕಾರ. ಉದಯೋನ್ಮುಖ ರಾಷ್ಟ್ರಗಳಲ್ಲಿ ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪರಿಸರ ನೀತಿಯ ಮೂಲಕ ಸಾಮಾಜಿಕ ಮನ್ನಣೆಯನ್ನು ಹೇಗೆ ಗಳಿಸುತ್ತವೆ ಎಂಬ ವಿಷಯದ ಮೇಲೆ ಸಂಶೋಧನಾ ಪ್ರಬಂಧ ಬರೆಯುತ್ತಿದ್ದು, ಒಂದು ತೊಡಕಿನಲ್ಲಿ ನಿಮ್ಮ ನೆರವನ್ನು ಕೋರುತ್ತಿದ್ದೇನೆ.

ಕಾನೂನಿನ ಅನುಮತಿ ಬೇರೆ, ಜನರ ಒಪ್ಪಿಗೆ ಬೇರೆ ಎಂಬುದು ನನ್ನ ವಾದದ ತಿರುಳು. ನೈಜೀರಿಯಾದ ಒಗೋನಿ ಪ್ರದೇಶದಲ್ಲಿ ಸ್ಥಳೀಯರ ಪ್ರತಿಭಟನೆಯ ನಡುವೆ ಶೆಲ್ ಕಂಪನಿಯು 1993ರಲ್ಲಿ ತೈಲ ಉತ್ಪಾದನೆಯನ್ನು ನಿಲ್ಲಿಸಬೇಕಾಯಿತು. ಕೇರಳದ ಪ್ಲಾಚಿಮಡದಲ್ಲಿ ಅಂತರ್ಜಲದ ವಿವಾದ ತಾರಕಕ್ಕೇರಿ ಕೋಕಾ-ಕೋಲಾ ಘಟಕವು 2004ರಲ್ಲಿ ಕೆಲಸ ನಿಲ್ಲಿಸಿತು. ಇತ್ತ, 1996ರಲ್ಲಿ ಮೊದಲು ಪ್ರಕಟವಾದ ಐಎಸ್‌ಒ 14001 ಎಂಬ ಅಂತರರಾಷ್ಟ್ರೀಯ ಪರಿಸರ ಮಾನದಂಡವು ಸಂಸ್ಥೆಯ ನಿರ್ವಹಣಾ ವ್ಯವಸ್ಥೆಯನ್ನು ನೋಡುತ್ತದೆಯೇ ಹೊರತು ಮಾಲಿನ್ಯಕ್ಕೆ ತಾನಾಗಿ ಯಾವ ಮಿತಿಯನ್ನೂ ವಿಧಿಸುವುದಿಲ್ಲವಾದ್ದರಿಂದ, ಪ್ರಮಾಣಪತ್ರವೊಂದನ್ನೇ ಮನ್ನಣೆಯ ಅಳತೆಗೋಲಾಗಿ ಹಿಡಿಯಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಹಾಗಾದರೆ ಸ್ಥಳೀಯ ಸಮುದಾಯದ ಒಪ್ಪಿಗೆಯನ್ನು ಅಳೆಯುವುದು ಹೇಗೆ? ಸಾರ್ವಜನಿಕ ಅಹವಾಲು ಸಭೆಗಳ ನಡವಳಿ, ನ್ಯಾಯಾಲಯದ ದಾವೆಗಳು, ಪ್ರಾದೇಶಿಕ ಪತ್ರಿಕೆಗಳ ವರದಿ ಇವುಗಳನ್ನು ಆಧಾರವಾಗಿ ಬಳಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕು. ಮೂಲ ದೇಶದ ಕಠಿಣ ನಿಯಮಗಳನ್ನೇ ಎಲ್ಲೆಡೆ ಪಾಲಿಸುವ ಕಂಪನಿಯನ್ನು, ಕಾಲಿಟ್ಟ ದೇಶದ ಸಡಿಲ ನಿಯಮಗಳಿಗಷ್ಟೇ ತಕ್ಕಂತೆ ನಡೆಯುವ ಕಂಪನಿಯೊಡನೆ ಹೋಲಿಸಲು ಸೂಕ್ತ ವಿಧಾನವಿದ್ದರೆ ಅದನ್ನೂ ಸೂಚಿಸಬೇಕೆಂದು ವಿನಂತಿ.