ನೂರು ಜಿಬಿ ಮೇಲಿನ ಟೊರೆಂಟ್ 71%ಗೆ ನಿಂತಿದೆ, ಸಿರ್ಸಿ ಕಡೆ ಯಾರಾದ್ರೂ ಪೂರ್ತಿ ಇಳಿಸಿದೀರಾ?

ಹುಲೇಕಲ್_ಮಾಸ್ತರು:

ನಮಸ್ಕಾರ ಎಲ್ರಿಗೂ. ನಮ್ಮ ಹೈಸ್ಕೂಲ್ ಲ್ಯಾಬಲ್ಲಿ ಐದಾರು ಹಳೇ ಕಂಪ್ಯೂಟರ್ ಇದೆ, ನೆಟ್ ಇದ್ರೆ ಇತ್ತು ಇಲ್ದಿದ್ರೆ ಇಲ್ಲ, ಮಳೆಗಾಲದಲ್ಲಂತೂ ಎಲ್ಲೋ ಮರ ಬಿದ್ದು ಫೈಬರ್ ಕಟ್ಟಾದ್ರೆ ಸರಿಯಾಗೂದು ಯಾವಾಗ ಅಂತ ಕೇಳೂದೇ ಬೇಡ. ಅದಕ್ಕೆ ಕಿವಿಕ್ಸ್ (ನೆಟ್ ಇಲ್ದೇ ವಿಕಿಪೀಡಿಯ ಓದೂ ಸಾಫ್ಟ್‌ವೇರ್) ಹಾಕಿ ವಿಕಿಪೀಡಿಯ ಪೂರ್ತಿ ಆಫ್‌ಲೈನ್ ಇಟ್ಬಿಡಣ ಅಂತ ಹೊರಟೆ. ಕನ್ನಡದ್ದು ಸಣ್ಣ ಫೈಲು, ಬಂತು. ಇಂಗ್ಲಿಷಿಂದು ಫೋಟೋ ಸಮೇತ ನೂರು ಜಿಬಿ ಮೇಲೆ, ಒಂದೇ ಫೈಲು. ಬ್ರೌಸರಲ್ಲಿ ಹಾಕಿದ್ರೆ ಅರ್ಧಕ್ಕೆ ಕರೆಂಟು ಹೋಗ್ತದೆ, ಮತ್ತೆ ಮೊದ್ಲಿಂದ. ಹಳೇ ಸ್ಟೂಡೆಂಟ್ ಒಬ್ಬ ಟೊರೆಂಟಲ್ಲಿ (ಫೈಲನ್ನ ತುಂಡು ತುಂಡಾಗಿ ಬೇರೆ ಬೇರೆಯವ್ರ ಕಂಪ್ಯೂಟರಿಂದ ತರೂ ದಾರಿ) ಹಾಕಿ ಸರ್ ಅಂತ ಲಿಂಕ್ ಕಳ್ಸಿದ, ಮನೆ ಕಂಪ್ಯೂಟರಲ್ಲಿ ಕ್ಯೂಬಿಟ್‌ಟೊರೆಂಟ್ ಅನ್ನೂ ಸಾಫ್ಟ್‌ವೇರ್ ಹಾಕ್ದೆ. ಶುರುವಲ್ಲಿ ಚೆನ್ನಾಗೇ ಓಡ್ತು, ಈಗ 71%ಗೆ ಬಂದು ನಿಂತಿದೆ, ಅಲ್ಲಾಡ್ತಾ ಇಲ್ಲ. ಅದೂ ಅಲ್ದೆ ಇದು ಓಡ್ತಿದ್ರೆ ಮನೇಲಿ ಬೇರೆ ಯಾರಿಗೂ ನೆಟ್ಟೇ ಇಲ್ಲ, ಮಗಳ ಆನ್‌ಲೈನ್ ಕ್ಲಾಸು ಕಟ್ ಕಟ್. ಕರೆಂಟು ಹೋಗಿ ಬಂದ್ರೆ ಪರ್ಸೆಂಟೇಜು ಸ್ವಲ್ಪ ಹಿಂದಕ್ಕೂ ಹೋಗಿರ್ತದೆ. ಪ್ಲಾನು 40 ಎಂಬಿಪಿಎಸ್ಸು. ಎಂತ ಮಾಡೂದು?

ಕಾಳಿಸಂಗಮ_ಕಾರವಾರ:

ಮಾಸ್ತರೇ ನಿಮ್ದು ಒಂದು ಪ್ರಾಬ್ಲಮ್ ಅಲ್ಲ, ಮೂರು ಸೇರ್ಕೊಂಡಿದೆ.

ಮೊದ್ಲು ಮನೆ ನೆಟ್ ಸಾಯೂದು. ಎಲ್ರೂ ಡೌನ್‌ಲೋಡ್ ಜಾಸ್ತಿ ಆಯ್ತು ಅಂದ್ಕೊಳ್ತಾರೆ, ಆದ್ರೆ ಹೆಚ್ಚಿನ ಸಲ ಕಾರಣ ಅಪ್‌ಲೋಡ್. ಟೊರೆಂಟಲ್ಲಿ ನೀವು ತಗೊಳ್ತಾ ಇರುವಾಗ್ಲೇ ನಿಮ್ಮತ್ರ ಬಂದ ತುಂಡು ಬೇರೆಯವ್ರಿಗೆ ಹೋಗ್ತಾ ಇರ್ತದೆ, ಅದಕ್ಕೆ ಲಿಮಿಟ್ ಹಾಕದೇ ಬಿಟ್ರೆ ಅಪ್‌ಲೋಡ್ ಲೈನು ಪೂರ್ತಿ ತುಂಬ್ತದೆ, ಆಮೇಲೆ 'ಈ ಪ್ಯಾಕೆಟ್ ಸಿಕ್ತು, ಮುಂದಿಂದು ಕಳ್ಸು' ಅಂತ ನಿಮ್ಮ ಕಡೆಯಿಂದ ಹೋಗ್ಬೇಕಾದ ಸಣ್ಣ ಸಣ್ಣ ಉತ್ತರಗಳೂ ಆ ಕ್ಯೂನಲ್ಲೇ ಸಿಕ್ಕಾಕ್ಕೊಳ್ತವೆ, ಅದು ತಡ ಆದ್ರೆ ಡೌನ್‌ಲೋಡೂ ನಿಧಾನ, ಮಗಳ ಕ್ಲಾಸೂ ಢಮಾರ್. ಸ್ಪೀಡ್ ಟೆಸ್ಟ್ ಮಾಡಿ ಅಪ್‌ಲೋಡ್ ಎಷ್ಟಿದೆ ನೋಡಿ. 10 ಎಂಬಿಪಿಎಸ್ ಇದೆ ಅಂದ್ರೆ ಅದು ಸೆಕೆಂಡಿಗೆ ಸುಮಾರು 1200 ಕೆಬಿ, ನೀವು 900ಕ್ಕೆ ಕಟ್ಟಾಕಿ. ಸೊನ್ನೆ ಹಾಕ್ಬೇಡಿ, ಆ ಸಾಫ್ಟ್‌ವೇರಲ್ಲಿ ಸೊನ್ನೆ ಅಂದ್ರೆ ಲಿಮಿಟ್ಟೇ ಇಲ್ಲ ಅಂತ ಅರ್ಥ. ತೀರಾ 5, 10 ಕೆಬಿಗೆ ಇಳ್ಸೂದೂ ಒಳ್ಳೇದಲ್ಲ, ಪೂರ್ತಿ ಫೈಲ್ ಇಲ್ದವ್ರು ತಮ್ಗೆ ಕೊಡುವವ್ರಿಗೇ ಮೊದ್ಲು ಕೊಡ್ತಾರೆ, ಈ ಪ್ರೋಟೋಕಾಲ್ ಇರೂದೇ ಹಾಗೆ.

ಕನೆಕ್ಷನ್ ಸಂಖ್ಯೆನೂ ನೋಡಿ. ಡಿಫಾಲ್ಟ್ 500 ಇರ್ತದೆ, ಫೈಬರ್ ಜೊತೆ ಫ್ರೀಯಾಗಿ ಕೊಡೂ ಬಾಕ್ಸಿಗೆ ಅಷ್ಟು ತಡ್ಕೊಳೂ ಶಕ್ತಿ ಇರೂದಿಲ್ಲ ಕೆಲವ್ಸಲ. 150ಕ್ಕೆ ಇಳ್ಸಿ.

ಎರಡ್ನೇದು, ರೂಟರ್ ಪೇಜಿಗೆ ಹೋಗಿ ವ್ಯಾನ್ ಐಪಿ (ನೆಟ್ ಕಂಪನಿ ನಿಮ್ಮ ರೂಟರಿಗೆ ಕೊಟ್ಟ ನಂಬರು) ಅಂತ ಎಂತ ಇದೆ ನೋಡಿ ಹೇಳಿ. ಮೂರ್ನೇದು, ಟೊರೆಂಟ್ ಮೇಲೆ ಕ್ಲಿಕ್ ಮಾಡಿದ್ರೆ ಕೆಳಗೆ ಅವೈಲಬಿಲಿಟಿ ಅಂತ ಒಂದು ನಂಬರ್ ಬರ್ತದೆ, ಅದನ್ನೂ ಹೇಳಿ. 71ಕ್ಕೆ ನಿಂತಿದ್ದರ ಗುಟ್ಟು ಅದ್ರಲ್ಲೇ ಇದೆ ಅಂತ ನನ್ನ ಡೌಟು.

ಯಲ್ಲಾಪುರ_ಪೋರ:

ಸರ್ ಟೊರೆಂಟ್ ಇಲ್ಲೀಗಲ್ ಅಲ್ವಾ, ಸ್ಕೂಲಿಗೆ ಬಳ್ಸಿದ್ರೆ ತೊಂದ್ರೆ ಆಗಲ್ವಾ

ಹೊನ್ನಾವರದ_ಹಳಬ:

ತಮ್ಮಾ, ಟೊರೆಂಟ್ ಅಂದ್ರೆ ಸಾಗಿಸೂ ದಾರಿ ಅಷ್ಟೇ. ಹೊಸ ಪಿಕ್ಚರ್ ಕದ್ದು ಇಳ್ಸಿದ್ರೆ 1957ರ ಕಾಪಿರೈಟ್ ಕಾಯ್ದೆ ಕೆಳಗೆ ತಪ್ಪು, ಅದನ್ನ ಟೊರೆಂಟಲ್ಲಿ ಇಳ್ಸಿದ್ರೂ ತಪ್ಪೇ ಪೆನ್‌ಡ್ರೈವಲ್ಲಿ ಹಂಚಿದ್ರೂ ತಪ್ಪೇ. ವಿಕಿಪೀಡಿಯ ಹಂಚ್ಲಿಕ್ಕೇ ಇರೂ ಲೈಸೆನ್ಸು. ಡೆಬಿಯನ್, ಉಬುಂಟು ಥರದ ಫ್ರೀ ಆಪರೇಟಿಂಗ್ ಸಿಸ್ಟಮ್ಮಿನವ್ರೂ ಅವ್ರವ್ರ ಸೈಟಲ್ಲೇ ಟೊರೆಂಟ್ ಕೊಡ್ತಾರೆ. ಒಂದು ಮಾತ್ರ ಗೊತ್ತಿರ್ಲಿ, ನಿಮ್ಮ ಐಪಿ ಆ ಗುಂಪಲ್ಲಿರೂ ಎಲ್ರಿಗೂ ಕಾಣ್ತದೆ, ಗುಟ್ಟಾಗಿ ಮಾಡೂ ಕೆಲ್ಸ ಇದಲ್ಲ.

ಬ್ರಾಮ್ ಕೋಹೆನ್ ಅನ್ನೂ ಪ್ರೋಗ್ರಾಮರ್ ಈ ಟೊರೆಂಟನ್ನ ಬರ್ದಿದ್ದು 2001ರಲ್ಲಿ, ನಾವೆಲ್ಲ ಅದಕ್ಕೂ ಮೊದ್ಲು ಡಯಲಪ್ಪಲ್ಲಿ ಒದ್ದಾಡಿದವ್ರು, ಫೋನ್ ಬಂದ್ರೆ ಲೈನ್ ಕಟ್ಟು.  ಟೊರೆಂಟಲ್ಲಿ ಪ್ರತೀ ತುಂಡಿಗೂ ಹ್ಯಾಶ್ ಅಂತ ಒಂದು ಗುರುತಿನ ಸಂಖ್ಯೆ ಇರ್ತದೆ, ತಾಳೆ ಆಗ್ದಿದ್ದನ್ನ ಬಿಸಾಕಿ ಅದೊಂದನ್ನೇ ಮತ್ತೆ ತರ್ತದೆ. ದಿನಕ್ಕೆ ಹತ್ತು ಸಲ ಕರೆಂಟು ಹೋಗೂ ನಮ್ಮ ಜಿಲ್ಲೆಗೆ ಹೇಳಿ ಮಾಡ್ಸಿದ್ದು ಅಂತ ನನ್ನ ಅಭಿಪ್ರಾಯ.

ಹುಲೇಕಲ್_ಮಾಸ್ತರು:

ಅಪ್‌ಲೋಡ್ 900 ಮಾಡ್ದೆ, ಕನೆಕ್ಷನ್ 150 ಮಾಡ್ದೆ. ಕ್ಲಾಸ್ ಈಗ ಕಟ್ಟಾಗ್ತಿಲ್ಲ ಅಂತ ಮಗಳು ಹೇಳಿದ್ಲು, ಥ್ಯಾಂಕ್ಸ್. ವ್ಯಾನ್ ಐಪಿ 100.72 ಅಂತ ಶುರುವಾಗ್ತದೆ. ಅವೈಲಬಿಲಿಟಿ 0.71 ತೋರಿಸ್ತಾ ಇದೆ. ಸೀಡ್ಸ್ (ಪೂರ್ತಿ ಫೈಲ್ ಇದ್ದವ್ರು) 0, ಪೀರ್ಸ್ (ಇನ್ನೂ ಇಳಿಸ್ತಾ ಇರೂವ್ರು) ನಾಲ್ಕೈದು. ಫೈಲ್ ಹೆಸ್ರಿನ ಕೊನೇಲಿ ಒಂದು ವರ್ಷ ತಿಂಗ್ಳು ಇದೆ, ಎರಡು ವರ್ಷ ಹಿಂದಿಂದು.

ಕಾಳಿಸಂಗಮ_ಕಾರವಾರ:

ಅಲ್ಲೇ ಇದೆ ನೋಡಿ. ಅವೈಲಬಿಲಿಟಿ 1ಕ್ಕಿಂತ ಕಮ್ಮಿ ಅಂದ್ರೆ ಈಗ ಆನ್‌ಲೈನ್ ಇರೂ ಎಲ್ರ ಹತ್ರ ಇದ್ದಿದ್ದು ಒಟ್ಟು ಸೇರ್ಸಿದ್ರೂ ಒಂದು ಪೂರ್ತಿ ಫೈಲ್ ಆಗೂದಿಲ್ಲ. ನಿಮ್ಮತ್ರ 71 ಇದೆ, ಉಳಿದವ್ರ ಹತ್ರ ಇರೂದೂ ಅದೇ 71, ಎಲ್ರೂ ಒಬ್ರ ಮುಖ ಒಬ್ರು ನೋಡ್ತಾ ಕೂತಿದೀರಿ. ಲೈನ್ ಸ್ಪೀಡ್ ಎಷ್ಟಿದ್ರೂ ಅಷ್ಟೇ, ಪೂರ್ತಿ ಇದ್ದವ್ರು ಯಾರಾದ್ರೂ ಬರೂ ತನಕ ಮುಂದೆ ಹೋಗೂದಿಲ್ಲ. ಕಿವಿಕ್ಸಿನವ್ರು ಹೊಸ ಎಡಿಷನ್ ಬಂದ ಹಾಗೆ ಹಳೇದನ್ನ ಸರ್ವರಿಂದ ತೆಗೀತಾ ಹೋಗ್ತಾರೆ, ಅವ್ರ ಮಿರರ್ (ಅದೇ ಫೈಲಿನ ನಕಲು ಇಟ್ಟ) ಸರ್ವರ್‌ಗಳೂ ವೆಬ್ ಸೀಡ್ ಆಗಿ ಟೊರೆಂಟಿಗೆ ತುಂಡು ಕೊಡ್ತಾ ಇರ್ತವೆ, ಹಳೇ ಫೈಲ್ ಹೋದ್ರೆ ಅದೂ ಹೋಯ್ತು. ಅವ್ರ ಸೈಟಿಂದ್ಲೇ ಈಗಿನ ಎಡಿಷನ್ನಿನ ಟೊರೆಂಟ್ ತಗೊಳ್ಳಿ, ವಾಟ್ಸಾಪಲ್ಲಿ ತಿರುಗ್ತಾ ಬಂದ ಲಿಂಕ್ ಬೇಡ.

100.72 ಅಂದ್ರೆ ಸಿಜಿನ್ಯಾಟ್. 100.64ರಿಂದ 100.127ರ ತನಕ ಅದಕ್ಕೇ ಅಂತ ಇಟ್ಟ ನಂಬರು, ಒಂದು ಹೊರಗಿನ ಐಪಿ ಹಿಂದೆ ಎಷ್ಟೋ ಮನೆ. ಹೊರಗಿನಿಂದ ನಿಮ್ಮ ಕಂಪ್ಯೂಟರಿಗೆ ಯಾರೂ ಮೊದ್ಲು ಕನೆಕ್ಟ್ ಆಗ್ಲಿಕ್ಕೆ ಆಗೂದಿಲ್ಲ, ನೀವೇ ಹೋಗಿ ಬಾಗಿಲು ತಟ್ಬೇಕು. ಹಾಗಾಗಿ ಯೂಟ್ಯೂಬ್ ನೋಡಿ ಪೋರ್ಟ್ ಫಾರ್ವರ್ಡ್ (ಹೊರಗಿನವ್ರಿಗೆ ರೂಟರಲ್ಲಿ ದಾರಿ ಬಿಡೂದು) ಮಾಡ್ಲಿಕ್ಕೆ ಹೋಗ್ಬೇಡಿ, ನಿಮ್ಮ ರೂಟರಲ್ಲಿ ಎಷ್ಟು ಮಾಡಿದ್ರೂ ಮೇಲೆ ಇನ್ನೊಂದು ಗೋಡೆ ಇದೆ. ಐಪಿವಿ6 (ಪ್ರತೀ ಕಂಪ್ಯೂಟರಿಗೂ ಬೇರೆ ನಂಬರ್ ಕೊಡೂ ಹೊಸ ಥರದ ಐಪಿ) ಆನ್ ಇದ್ಯಾ ನೋಡಿ, ಅದಿದ್ರೆ ಅರ್ಧ ತಲೆನೋವು ಹೋಗ್ತದೆ. ಸೀಡ್ ಚೆನ್ನಾಗಿರೂ ಟೊರೆಂಟಿಗೆ ಇದು ದೊಡ್ಡ ವಿಷ್ಯ ಅಲ್ಲ ಬಿಡಿ.

ಹುಲೇಕಲ್_ಮಾಸ್ತರು:

ಹಾಗಾದ್ರೆ ಇಳಿಸಿದ 71% ವೇಸ್ಟಾ? ಹೊಸ ಟೊರೆಂಟಿಗೆ ಅದನ್ನ ಸೇರ್ಸ್ಲಿಕ್ಕೆ ಆಗೂದಿಲ್ವಾ?

ಕಾಳಿಸಂಗಮ_ಕಾರವಾರ:

ಇಲ್ಲ ಮಾಸ್ತರೇ. ಒಳಗಿಂದು ಎಲ್ಲ ಒತ್ತಿ ಜಿಪ್ ಮಾಡಿದ ಹಾಗೆ ಇರ್ತದೆ, ಎಡಿಷನ್ ಬದಲಾದ್ರೆ ತುಂಡು ಯಾವ್ದೂ ತಾಳೆ ಆಗೂದಿಲ್ಲ. ಡಿಲೀಟ್ ಮಾಡಿ ಜಾಗ ಮಾಡ್ಕೊಳ್ಳಿ.

ಕುಮಟಾ_ಬಸ್‌ಸ್ಟ್ಯಾಂಡ್:

ಮೇಲೆ ಹೇಳಿದ್ದೆಲ್ಲ ಸರಿ, ಆದ್ರೆ ಡಿಸ್ಕ್ ವಿಷ್ಯ ಯಾರೂ ಕೇಳ್ಲೇ ಇಲ್ಲ. ಮಾಸ್ತರೇ ಎಲ್ಲಿಗೆ ಇಳಿಸ್ತಾ ಇದೀರಿ? ಪೆನ್‌ಡ್ರೈವ್, ಹಳೇ ಎಕ್ಸ್‌ಟರ್ನಲ್ ಡಿಸ್ಕ್ ಎಲ್ಲ ಫ್ಯಾಟ್32 ಅನ್ನೂ ಹಳೇ ಫಾರ್ಮ್ಯಾಟಲ್ಲಿ ಇದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಅದ್ರಲ್ಲಿ ಕೂರೂದೇ ಇಲ್ಲ, ಎಷ್ಟು ಜಾಗ ಖಾಲಿ ಇದ್ರೂ. ನಮ್ಮ ಕಡೆ ಮೊದ್ಲು ಇಲ್ಲೇ ಎಲ್ರೂ ಎಡವೂದು.

ಪರ್ಸೆಂಟೇಜು ಹಿಂದೆ ಹೋಗೂದಕ್ಕೆ ಕಾರಣ ಇದು: ಎಷ್ಟು ಬಂದಿದೆ ಅನ್ನೂ ಲೆಕ್ಕವನ್ನ ಕ್ಯೂಬಿಟ್‌ಟೊರೆಂಟ್ 60 ನಿಮಿಷಕ್ಕೊಂದ್ಸಲ ಬರ್ದಿಡ್ತದೆ, ಮಧ್ಯ ಕರೆಂಟು ಹೋದ್ರೆ ಆ ಲೆಕ್ಕ ಹೋಯ್ತು, ಆದ್ರೆ ಡೇಟಾ ಹೆಚ್ಚಾಗಿ ಡಿಸ್ಕಲ್ಲೇ ಇರ್ತದೆ. ರೈಟ್ ಕ್ಲಿಕ್ ಮಾಡಿ ಫೋರ್ಸ್ ರೀಚೆಕ್ ಕೊಡಿ, ವಾಪಸ್ ಬರ್ತದೆ. ಅಡ್ವಾನ್ಸ್ಡ್ ಸೆಟ್ಟಿಂಗಲ್ಲಿ ಆ 60ನ್ನ 5 ಮಾಡಿ. ರೂಟರಿಗೆ ಒಂದು 12 ವೋಲ್ಟಿನ ಮಿನಿ ಯುಪಿಎಸ್ ಹಾಕ್ಬಿಡಿ, ದೊಡ್ಡ ಖರ್ಚಲ್ಲ, ಲ್ಯಾಪ್‌ಟಾಪಲ್ಲಿ ಇಳ್ಸಿದ್ರೆ ಸಣ್ಣ ಕರೆಂಟ್ ಕಟ್ಟು ಗೊತ್ತೇ ಆಗೂದಿಲ್ಲ. ಪ್ಲಾನಿನ ಎಫ್‌ಯುಪಿ (ಫುಲ್ ಸ್ಪೀಡಲ್ಲಿ ಬಳ್ಸೂ ಮಿತಿ) ಎಷ್ಟು ಅಂತಾನೂ ಕೇಳ್ಕೊಳ್ಳಿ, ನೂರು ಜಿಬಿ ಮುಗ್ದ ಕೂಡ್ಲೆ ಸ್ಪೀಡ್ ಇಳ್ಸೂ ಪ್ಲಾನೂ ಇದೆ.

ಲೆಕ್ಕ ಹಾಕಿದ್ರೆ 40 ಎಂಬಿಪಿಎಸ್ ಪೂರ್ತಿ ಸಿಕ್ರೆ ನೂರು ಜಿಬಿಗೆ ಐದೂವರೆ ತಾಸು, ಹತ್ತೇ ಸಿಕ್ರೆ ಹೆಚ್ಚುಕಮ್ಮಿ ಒಂದು ದಿನ. ರಾತ್ರಿ ಬಿಟ್ಟು ಮಲ್ಗಿ.

ಇಲ್ಲಾಂದ್ರೆ ಇನ್ನೊಂದು ದಾರಿ. ಈಗಿನ ಎಡಿಷನ್ ಪೂರ್ತಿ ನನ್ನತ್ರ ಇದೆ. ಕುಮಟೆಗೆ ಬರೂದಿದ್ರೆ ಡಿಸ್ಕ್ ತನ್ನಿ, ಹಾಕಿ ಕೊಡ್ತೆ. ಮನೆಗೆ ಹೋಗಿ ಅದೇ ಎಡಿಷನ್ನಿನ ಟೊರೆಂಟ್ ಸೇರ್ಸಿ, ಸೇವ್ ಮಾಡೂ ಜಾಗ ಅಂತ ಈ ಫೈಲ್ ಇರೂ ಫೋಲ್ಡರ್ ತೋರ್ಸಿ ರೀಚೆಕ್ ಕೊಟ್ರೆ ಆಯ್ತು, ಕಾಪಿ ಮಾಡುವಾಗ ಎಲ್ಲಾದ್ರೂ ಕೆಟ್ಟಿದ್ರೆ ಆ ತುಂಡು ಮಾತ್ರ ನೆಟ್ಟಿಂದ ಬರ್ತದೆ. ಆಮೇಲೆ ಸ್ವಲ್ಪ ದಿನ ಸೀಡ್ ಮಾಡಿ, ಅಪ್‌ಲೋಡ್ 900 ಇಟ್ಟೇ.

ಹೊನ್ನಾವರದ_ಹಳಬ:

ಇದು ಬೆಸ್ಟು. ಬಸ್ಸಲ್ಲಿ ಹೋಗೂ ನೂರು ಜಿಬಿ ಯಾವ ಫೈಬರಿಗೂ ಕಮ್ಮಿ ಇಲ್ಲ 😄

ಹುಲೇಕಲ್_ಮಾಸ್ತರು:

ಆಯ್ತು, ಹಳೇದು ತೆಗ್ದು ಹೊಸ ಟೊರೆಂಟ್ ಹಾಕಿದೀನಿ, ಸೀಡ್ಸ್ ಸುಮಾರಿದೆ, ಸದ್ಯ ಓಡ್ತಾ ಇದೆ. ಆದ್ರೂ ದೇವಿಮನೆ ಘಾಟಿ ರೋಡ್ ಓಪನ್ ಇದ್ರೆ ಶನಿವಾರ ಶಾಲೆ ಮುಗಿಸ್ಕೊಂಡು ಕುಮಟೆಗೆ ಬರ್ತೆ, ಲ್ಯಾಬಿಗೆ ಒಂದು ಕಾಪಿ ಬೇರೆ ಡಿಸ್ಕಲ್ಲಿ ಇದ್ರೆ ಒಳ್ಳೇದು. ಡಿಸ್ಕನ್ನ ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡ್ಕೊಂಡು ಬರ್ಲಾ, ಎನ್‌ಟಿಎಫ್‌ಎಸ್ಸಾ?

ಕುಮಟಾ_ಬಸ್‌ಸ್ಟ್ಯಾಂಡ್:

ಲ್ಯಾಬಲ್ಲಿ ವಿಂಡೋಸ್ ಅಲ್ವಾ, ಎನ್‌ಟಿಎಫ್‌ಎಸ್ ಮಾಡ್ಕೊಂಡು ಬನ್ನಿ. ಯುಎಸ್‌ಬಿ 3 ಡಿಸ್ಕ್ ಇದ್ರೆ ಅದನ್ನೇ ತನ್ನಿ, 2 ಆದ್ರೆ ಕಾಪಿ ಆಗ್ಲಿಕ್ಕೇ ಒಂದು ತಾಸು ಬೇಕು, ಸಿರ್ಸಿ ಬಸ್ಸು ತಪ್ಪಿ ಹೋಗ್ತದೆ.